ಜಗತ್ತಿನ ದುಡ್ಡೆಲ್ಲ ಸೋಲಾರ್ ಕಡೆ ಹೋಗುತ್ತಿದೆ ಅಂದರೆ ಕಲ್ಲಿದ್ದಲಿನ ಕಥೆ ಮುಗಿಯಿತಾ?

ನೀವು ಕೇಳಿದ್ದು ಎರಡು. ದುಡ್ಡೆಲ್ಲ ಸೋಲಾರ್‌ಗೆ ಹೋಗುತ್ತಿದೆ ಎಂದು ಸುದ್ದಿಯಲ್ಲಿ ಬರುತ್ತದೆ, ಹಾಗಾದರೆ ಕಲ್ಲಿದ್ದಲು ಮುಗಿಯಿತಾ ಅನ್ನೋದು ಒಂದು. ಮುಳಬಾಗಿಲಿನ ಹತ್ತಿರ ಇರುವ ನಿಮ್ಮ ಜಮೀನನ್ನು ಸೋಲಾರ್ ಕಂಪನಿಯವರು ಲೀಸ್‌ಗೆ ಕೇಳುತ್ತಿದ್ದಾರೆ, ಕೊಡಬಹುದಾ ಅನ್ನೋದು ಇನ್ನೊಂದು. ನಾನು ಪಾವಗಡ ತಾಲ್ಲೂಕಿನವನು. ತುಮಕೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ನಮ್ಮ ಮನೆಯ ಐದು ಎಕರೆ ಸೋಲಾರ್ ಪಾರ್ಕಿನ ಬೇಲಿಯೊಳಗಿದೆ. ಹಾಗಾಗಿ ಎರಡಕ್ಕೂ ಬಾಯಿ ಹಾಕುತ್ತೇನೆ.

ದುಡ್ಡಿನ ಮಾತು ನಿಜ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ಅಂದಾಜಿನ ಪ್ರಕಾರ ಆ ವರ್ಷ ಇಂಧನಕ್ಕೆ ಜಗತ್ತು ಹಾಕುವ ಬಂಡವಾಳ 3.3 ಲಕ್ಷ ಕೋಟಿ ಡಾಲರ್. ಅದರಲ್ಲಿ 2.2 ಲಕ್ಷ ಕೋಟಿ ಹೋಗುವುದು ಸೋಲಾರ್, ಗಾಳಿ, ಅಣು ವಿದ್ಯುತ್, ಲೈನು, ಬ್ಯಾಟರಿ ಇಂಥವಕ್ಕೆ. ಎಣ್ಣೆ, ಗ್ಯಾಸು, ಕಲ್ಲಿದ್ದಲು ಮೂರೂ ಸೇರಿದರೆ 1.1 ಲಕ್ಷ ಕೋಟಿ. ಸೋಲಾರ್ ಒಂದಕ್ಕೇ 45,000 ಕೋಟಿ ಡಾಲರ್. ಹತ್ತು ವರ್ಷದ ಹಿಂದೆ ಕರೆಂಟಿಗಿಂತ ಎಣ್ಣೆ, ಗ್ಯಾಸು, ಕಲ್ಲಿದ್ದಲಿಗೇ ಜಾಸ್ತಿ ದುಡ್ಡು ಹೋಗುತ್ತಿತ್ತು.

ಆದರೆ ಇದು ಹೊಸದಾಗಿ ಕಟ್ಟುವುದಕ್ಕೆ ಹಾಕುವ ದುಡ್ಡು. ಹಳೆಯದು ಅದರ ಪಾಡಿಗೆ ಉರಿಯುತ್ತಲೇ ಇರುತ್ತದೆ. ನಿಮ್ಮೂರಲ್ಲಿ ಈ ವರ್ಷ ಬಂದ ಹೊಸ ಗಾಡಿಗಳಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಎಷ್ಟೇ ಇರಲಿ, ಪೆಟ್ರೋಲ್ ಬಂಕಿನ ಕ್ಯೂ ಹಾಗೇ ಇದೆ ಅಲ್ವಾ? ಅದೇ ಕಥೆ.

ನಮ್ಮ ದೇಶದ್ದೇ ನೋಡಿ. 2025ರ ಜೂನ್ ಹೊತ್ತಿಗೆ ಕಟ್ಟಿ ನಿಲ್ಲಿಸಿರುವ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ, ಅಂದರೆ ಮೆಗಾವ್ಯಾಟ್ ಲೆಕ್ಕದಲ್ಲಿ, ಅರ್ಧದಷ್ಟು ಸೋಲಾರ್, ಗಾಳಿ, ನೀರು, ಅಣು ವಿದ್ಯುತ್ತಿನದಾಯಿತು. ಕೇಳಲು ಚೆನ್ನಾಗಿದೆ. ಆದರೆ ಮನೆಗೆ ಬರುವ ಯೂನಿಟ್ ಲೆಕ್ಕ ಹಾಕಿದರೆ ನೂರಕ್ಕೆ ಎಪ್ಪತ್ತರ ಆಸುಪಾಸು ಕಲ್ಲಿದ್ದಲಿನದೇ. ಯಾಕೆಂದರೆ ಒಂದು ಕಿಲೋವ್ಯಾಟ್ ಸೋಲಾರ್ ಪ್ಲೇಟು ದಿನಕ್ಕೆ ಕೊಡುವುದು ನಾಲ್ಕೈದು ಯೂನಿಟ್. ಅಷ್ಟೇ ಅಳತೆಯ ಕಲ್ಲಿದ್ದಲು ಯಂತ್ರ ಹಗಲೂ ರಾತ್ರಿ ಪೂರ್ತಿ ಓಡಿದರೆ ಇಪ್ಪತ್ನಾಲ್ಕು.

ಹಬ್ಬಕ್ಕೆ ಊರಿಗೆ ಹೋದಾಗ ಸಂಜೆ ನಾನು ಮಾಳಿಗೆ ಹತ್ತುತ್ತೇನೆ. ಕಣ್ಣು ಹಾಯುವವರೆಗೂ ಪ್ಲೇಟುಗಳೇ. ತಿರುಮಣಿ, ವಳ್ಳೂರು, ಬಾಲಸಮುದ್ರ ಎಲ್ಲ ಸೇರಿ ಐದು ಊರು, 13,000 ಎಕರೆ, 2,050 ಮೆಗಾವ್ಯಾಟ್. ಏಳು ಗಂಟೆಗೆ ಅದರಿಂದ ಒಂದು ಬಲ್ಬ್ ಕೂಡ ಹತ್ತುವುದಿಲ್ಲ. ಆಗ ಕೆಳಗೆ ಅಮ್ಮ ಮಿಕ್ಸಿ ಹಾಕಿದರೆ ಕರೆಂಟು ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನಿಂದಲೋ ಶರಾವತಿಯ ನೀರಿನಿಂದಲೋ ಬರಬೇಕು. ಪಕ್ಕದಲ್ಲೇ ಅಷ್ಟು ದೊಡ್ಡ ಪಾರ್ಕ್ ಇಟ್ಟುಕೊಂಡು!

ಹಾಗಂತ ದುಡ್ಡು ಹಾಕುವವರು ದಡ್ಡರಲ್ಲ. ನಮ್ಮ ದೇಶದಲ್ಲಿ 2010ರ ಸುಮಾರಿಗೆ ಹರಾಜಿನಲ್ಲಿ ಸೋಲಾರ್ ಯೂನಿಟ್‌ಗೆ 12 ರೂಪಾಯಿ ಆಸುಪಾಸಿತ್ತು. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಒಂದು ಹರಾಜಿನಲ್ಲಿ 1.99ಕ್ಕೆ ಇಳಿಯಿತು. ಸೋಲಾರ್ ನಮ್ಮ ತಿಪಟೂರು ಕಡೆಯ ತೆಂಗಿನ ತೋಟ ಇದ್ದ ಹಾಗೆ. ಖರ್ಚೆಲ್ಲ ಮೊದಲೇ, ಆಮೇಲೆ ಕಾಯಿ ಕೆಡವಿಕೊಳ್ಳುವುದು. ಕಲ್ಲಿದ್ದಲು ಸೀಮೆಹಸು. ಕೊಳ್ಳುವಾಗಲೂ ದುಡ್ಡು, ದಿನಾ ಬೂಸಾಕ್ಕೂ ದುಡ್ಡು. ಬೂಸಾ ರೇಟು ಏರಿದರೆ ಹಾಲಿನ ಲೆಕ್ಕ ತಲೆಕೆಳಗು.

ತೋಟದ ತೊಂದರೆ ಏನೆಂದರೆ ಮೊದಲು ಹಾಕುವ ದುಡ್ಡಿನಲ್ಲಿ ಬಹುಪಾಲು ಸಾಲ ತಂದದ್ದು. ಬಡ್ಡಿ ಕಡಿಮೆ ಇದ್ದ ಕಡೆ ಸೋಲಾರ್ ಅಗ್ಗ, ಬಡ್ಡಿ ಜಾಸ್ತಿ ಇದ್ದ ಕಡೆ ಅದೇ ಬಿಸಿಲು ದುಬಾರಿ. ಆಫ್ರಿಕಾದಲ್ಲಿ ಬಿಸಿಲಿಗೇನು ಬರವೇ? ಜಗತ್ತಿನ ಐದರಲ್ಲಿ ಒಂದು ಪಾಲು ಜನ ಅಲ್ಲಿದ್ದಾರೆ. ಆದರೂ ಸೋಲಾರ್, ಗಾಳಿ ಇಂಥವಕ್ಕೆ ಜಗತ್ತು ಹಾಕುವ ದುಡ್ಡಿನಲ್ಲಿ ಅಲ್ಲಿಗೆ ಹೋಗುವುದು ನೂರಕ್ಕೆ ಎರಡು. ಜಗತ್ತು ಬದಲಾಗುತ್ತಿದೆ ಎಂದು ಬರೆಯುವವರು ಇದನ್ನು ಯಾಕೆ ಇಷ್ಟು ಮೆಲ್ಲಗೆ ಹೇಳುತ್ತಾರೋ ನನಗೆ ಅರ್ಥವಾಗಿಲ್ಲ.

ಇನ್ನು ಚೀನಾ. ಸೋಲಾರ್‌ಗೆ ಎಲ್ಲರಿಗಿಂತ ಜಾಸ್ತಿ ಹಾಕುವವರೂ ಅವರೇ, 2024ರಲ್ಲಿ ಸುಮಾರು ಒಂದು ಲಕ್ಷ ಮೆಗಾವ್ಯಾಟ್ ಹೊಸ ಕಲ್ಲಿದ್ದಲು ಸ್ಥಾವರ ಕಟ್ಟಲು ಶುರು ಮಾಡಿದವರೂ ಅವರೇ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಮುಗಿದಿಲ್ಲ, ಇಷ್ಟರಲ್ಲಿ ಮುಗಿಯುವುದೂ ಇಲ್ಲ.

ಈಗ ದುಡ್ಡು ಸಾಲದೆ ಇರುವುದು ತಂತಿಗೆ. ಲೈನು, ಸಬ್‌ಸ್ಟೇಷನ್‌ಗೆ ಜಗತ್ತು ವರ್ಷಕ್ಕೆ 40,000 ಕೋಟಿ ಡಾಲರ್ ಹಾಕುತ್ತಿದೆ. ಪ್ಲೇಟುಗಳು ಏಳುವ ವೇಗಕ್ಕೆ ಅದು ಸಾಲುತ್ತಿಲ್ಲ. ನಿಮ್ಮ ಜಮೀನಿನ ವಿಷಯಕ್ಕೂ ಇದೇ ಮುಖ್ಯ. ಲೀಸ್ ಕೇಳಲು ಬಂದವರನ್ನು ಎಕರೆಗೆ ಎಷ್ಟು ಕೊಡುತ್ತೀರಿ ಎನ್ನುವ ಮೊದಲು, ಯಾವ ಸಬ್‌ಸ್ಟೇಷನ್‌ಗೆ ಲೈನ್ ಎಳೆಯುತ್ತೀರಿ, ಒಪ್ಪಿಗೆ ಸಿಕ್ಕಿದೆಯಾ, ಕಾಗದ ತೋರಿಸಿ ಅನ್ನಿ. ತಡವರಿಸಿದರೆ ಸುಮ್ನೆ ಕಾಫಿ ಕೊಟ್ಟು ಕಳಿಸಿ. ಅಡ್ವಾನ್ಸ್ ಕೊಟ್ಟು ಜಮೀನು ಹಿಡಿದಿಟ್ಟುಕೊಂಡು ಬೇರೆಯವರಿಗೆ ದಾಟಿಸುವ ಮಧ್ಯವರ್ತಿಗಳೂ ಇರುತ್ತಾರೆ.

ನಮ್ಮಲ್ಲಿ ಜಮೀನು ಮಾರಲಿಲ್ಲ, ಲೀಸ್‌ಗೆ ಕೊಟ್ಟೆವು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಮೊದಲ ಸಲ 1,05,000 ಬಿದ್ದ ದಿನ ಅಪ್ಪ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿಕೊಂಡು ಬಂದು, ಕನ್ನಡಕ ಒರೆಸಿ ಒರೆಸಿ ನೋಡಿದರು. ಕಡಲೆಕಾಯಿ ಇಟ್ಟು ಮಳೆ ಕೈಕೊಟ್ಟ ವರ್ಷ ಬೀಜದ ದುಡ್ಡೂ ಹುಟ್ಟುತ್ತಿರಲಿಲ್ಲ. ಆದರೆ ಲೆಕ್ಕದವನಾಗಿ ಹೇಳುತ್ತೇನೆ, ಎರಡು ವರ್ಷಕ್ಕೆ ಐದು ಅನ್ನೋದು ಕಡಿಮೆ. ಅಂಗಡಿ ಸಾಮಾನಿನ ರೇಟು ಅದಕ್ಕಿಂತ ಬೇಗ ಏರುತ್ತದೆ. ನೀವು ಏರಿಕೆಯ ಮೇಲೆ ಚೌಕಾಸಿ ಮಾಡಿ.

ಇನ್ನೊಂದು ವಿಷಯ. ದುಡ್ಡು ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದವರಿಗೆ, ಬೀಳು ಬಿಟ್ಟಾಗ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಬಿದ್ದ ಮೇಲೆ ಏನೂ ಸಿಗಲಿಲ್ಲ. ಹೆಸರಿದ್ದವರಿಗೂ ಸಲೀಸಲ್ಲ. ಚಿಕ್ಕಪ್ಪನ ಮೂರು ಎಕರೆ ತಾತನ ಹೆಸರಲ್ಲೇ ಇತ್ತು, ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಮಾಡಿಸಿರಲಿಲ್ಲ. ಎಲ್ಲ ಸರಿಯಾಗುವಷ್ಟರಲ್ಲಿ ಎರಡು ವರ್ಷ. ಅಷ್ಟು ದಿನವೂ ಅವರ ಹೊಲದಲ್ಲಿ ಬೇರೆಯವರು ಕಡಲೆಕಾಯಿ ಇಡುತ್ತಿದ್ದರು. ಕಂಪನಿಯವರು ಮತ್ತೆ ಬರುವ ಮೊದಲು ನಿಮ್ಮ ಪಹಣಿ ತೆಗೆಸಿ ನೋಡಿ.