ಅರಗು, ಸುಣ್ಣ, ಸೀಮೆಎಣ್ಣೆ: ಯಾವುದು ಯಾವ ಗುಂಪಿಗೆ?

ಪ್ರಶ್ನೆ: ಒಬ್ಬರು ಮನಸ್ಸಿನಲ್ಲಿಟ್ಟುಕೊಂಡ ವಸ್ತುವನ್ನು ಉಳಿದವರು ‘ಪ್ರಾಣಿಯೋ, ಸಸ್ಯವೋ, ಖನಿಜವೋ’ ಎಂದು ಕೇಳುತ್ತ ಊಹಿಸುವ ಆಟವನ್ನು ನಮ್ಮ ಮನೆಯ ಮಕ್ಕಳು ಆಡುತ್ತಾರೆ. ಚನ್ನಪಟ್ಟಣದ ಬುಗುರಿಗೆ ಬಳಿದ ಅರಗು, ವೀಳ್ಯದ ಸುಣ್ಣ, ಸೀಮೆಎಣ್ಣೆ, ಅಣಬೆ ಇವುಗಳ ಬಗ್ಗೆ ಒಮ್ಮತ ಮೂಡಲಿಲ್ಲ. ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ವಸ್ತು ಎಲ್ಲಿ ಸಿಕ್ಕಿತು, ನೋಡಲು ಹೇಗಿದೆ ಎಂಬುದನ್ನು ಬದಿಗಿಟ್ಟು, ಅದನ್ನು ಉಂಟುಮಾಡಿದ್ದು ಯಾವುದು ಎಂದು ಕೇಳಿದರೆ ಹೆಚ್ಚಿನ ಜಗಳ ತೀರುತ್ತದೆ. ಅರಗು ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಗಳಲ್ಲಿ ದೊರೆಯುವುದರಿಂದ ಅದನ್ನು ಮರದ ಅಂಟೆಂದು ಭಾವಿಸುವುದು ಸಹಜ. ಆದರೆ ಅದು ಆ ಮರಗಳ ರಸ ಹೀರಿ ಬದುಕುವ ಅರಗಿನ ಹುಳು ತನ್ನ ಮೈಯಿಂದ ಸ್ರವಿಸಿ ಕಟ್ಟಿಕೊಳ್ಳುವ ಹೊದಿಕೆಯಾದ್ದರಿಂದ ಪ್ರಾಣಿಜನ್ಯವೇ ಸರಿ. ಬುಗುರಿಯ ಒಡಲು ಆಲೆ ಮರದ್ದು. ಅದು ಗರಗರನೆ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಬಿಸಿಗೆ ಕರಗಿಸಿ ಹತ್ತಿಸಿದ ಮೆರುಗು ಹುಳುವಿನದು. ‘ಎರಡೂ’ ಎಂದ ಮಗುವಿಗೆ ಪೂರ್ಣ ಅಂಕ ಕೊಡಬೇಕು.

ಸುಣ್ಣ ಇನ್ನೂ ತೊಡಕಿನದು. ಕರಾವಳಿಯಲ್ಲಿ ಚಿಪ್ಪನ್ನೂ ಒಳನಾಡಿನಲ್ಲಿ ಸುಣ್ಣದ ಕಲ್ಲನ್ನೂ ಸುಟ್ಟು ಸುಣ್ಣ ಮಾಡುತ್ತ ಬಂದಿದ್ದಾರೆ. ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ, ಸುಟ್ಟು, ನೀರು ಹಾಕಿ ಅರಳಿಸಿದ ಮೇಲೆ ಎಲೆಗೆ ಹಚ್ಚುವವರಿಗೆ ಅದರ ಮೂಲ ತಿಳಿಯುವುದು ಕಷ್ಟ. ಚಿಪ್ಪಿನದಾದರೆ ಪ್ರಾಣಿ, ಕಲ್ಲಿನದಾದರೆ ಖನಿಜ ಎಂದರೆ ಆಟಕ್ಕೆ ಸಾಕು. ಆದರೆ ಸುಣ್ಣದ ಕಲ್ಲಿನಲ್ಲಿ ಬಹಳಷ್ಟು ಪ್ರಾಚೀನ ಸಮುದ್ರಜೀವಿಗಳ ಚಿಪ್ಪುಗಳಿಂದಲೇ ಆದದ್ದೆಂದು ಜಾಣ ಮಗುವೊಂದು ಆಕ್ಷೇಪಿಸಿದರೆ, ನಮ್ಮ ನಿಯಮಕ್ಕೆ ಒಂದು ತಿದ್ದುಪಡಿ ಬೇಕಾಗುತ್ತದೆ: ಜೀವಿಯ ಅವಶೇಷವು ನೆಲದಡಿಯಲ್ಲಿ ಯುಗಯುಗಗಳ ಕಾಲ ಹುದುಗಿ ಬಂಡೆಯಾಗಿಯೋ ತೈಲವಾಗಿಯೋ ಮಾರ್ಪಟ್ಟಿದ್ದರೆ ಅದನ್ನು ಖನಿಜವೆಂದೇ ಎಣಿಸುವುದು.

ಸಮುದ್ರದ ಸೂಕ್ಷ್ಮಜೀವಿಗಳು ಹೂತು, ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಉಂಟಾದ ಕಚ್ಚಾತೈಲದಿಂದ ಬರುವ ಸೀಮೆಎಣ್ಣೆಯೂ ಇದೇ ತಿದ್ದುಪಡಿಯಿಂದ ಖನಿಜದ ಸಾಲಿಗೆ ಸೇರುತ್ತದೆ. ಭೂವಿಜ್ಞಾನಿಗಳು ಖನಿಜವೆಂದರೆ ಘನ ಪದಾರ್ಥವೇ ಆಗಿರಬೇಕೆಂದು ಪಟ್ಟು ಹಿಡಿಯಬಹುದು. ಖನಿಜ ತೈಲವೆಂಬ ಬಳಕೆ ನಮ್ಮ ಪರವಾಗಿದೆ.

ಅಣಬೆ ಮಾತ್ರ ಮೂರರಲ್ಲಿ ಯಾವುದಕ್ಕೂ ಒಗ್ಗುವುದಿಲ್ಲ. 1735ರಲ್ಲಿ ಸ್ವೀಡನ್ನಿನ ನಿಸರ್ಗವಿಜ್ಞಾನಿ ಲಿನೇಯಸ್ ನಿಸರ್ಗವನ್ನು ಈ ಮೂರು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಅದು ಸಸ್ಯಗಳ ನಡುವೆ ಉಳಿದಿತ್ತು. ಪತ್ರಹರಿತ್ತಿಲ್ಲದ, ಕೋಶಭಿತ್ತಿಯಲ್ಲಿ ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಇರುವ ಶಿಲೀಂಧ್ರಗಳಿಗೆ, ಅಂದರೆ ಅಣಬೆಯ ಬಳಗಕ್ಕೆ, 1969ರಲ್ಲಿ ಅಮೆರಿಕದ ಜೀವವಿಜ್ಞಾನಿ ವಿಟೇಕರ್ ತಮ್ಮ ಐದು ಸಾಮ್ರಾಜ್ಯಗಳ ಪದ್ಧತಿಯಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟರು. ಆಟದಲ್ಲಿ ಮೂರೇ ಉತ್ತರಗಳಿಗೆ ಅವಕಾಶವಿದ್ದರೆ ಅಣಬೆಯನ್ನು ಕೈಬಿಡುವುದೇ ಲೇಸು.