ಗೆಳೆಯರ ಜೊತೆ ಪೋಕರ್ ಗೆಲ್ಲುತ್ತೇನೆ. ಗೋವಾದ ದೊಡ್ಡ ಟೂರ್ನಮೆಂಟ್‌ಗೆ ನೇರ ದುಡ್ಡು ಕಟ್ಟಲೋ, ಸ್ಯಾಟಲೈಟ್ ಆಡಲೋ?

ಶಿರಸಿಯಲ್ಲಿ ಪ್ರತಿ ವಾರ ಗೆಳೆಯರ ದುಡ್ಡು ಗೆಲ್ಲುತ್ತಿದ್ದೀರಿ. ಈಗ 50 ಸಾವಿರದ ಬೈ-ಇನ್ (ಪ್ರವೇಶದ ದುಡ್ಡು) ನೇರ ಕಟ್ಟಬೇಕೋ, ಸ್ಯಾಟಲೈಟ್, ಅಂದರೆ ದೊಡ್ಡ ಆಟದ ಸೀಟನ್ನೇ ಬಹುಮಾನ ಕೊಡುವ ಸಣ್ಣ ಟೂರ್ನಮೆಂಟ್ ಆಡಿ ಅಗ್ಗಕ್ಕೆ ಸೀಟು ಹಿಡಿಯಬೇಕೋ ಅಂತ ಕೇಳಿದ್ದೀರಿ. ಶಿರಸಿ ತೆಗೆದು ಕಾರವಾರ ಅಂತ ಹಾಕಿದರೆ ಇದು ನನ್ನದೇ ಪ್ರಶ್ನೆ.

ನಮ್ಮದು ಔಷಧಿ ಅಂಗಡಿ. ಶನಿವಾರ ರಾತ್ರಿ ಶಟರ್ ಎಳೆದ ಮೇಲೆ ಗೆಳೆಯನ ಮನೆ ಮಹಡಿಯಲ್ಲಿ ಆಟ. ಇಸ್ಪೀಟು ನಮಗೆ ಹೊಸದೇನಲ್ಲ ಅಲ್ವಾ? ಮದುವೆ ಮನೆಯಲ್ಲಿ ಊಟವಾದ ಮೇಲೆ ಕಂಬಳಿ ಹಾಸಿ ಇಪ್ಪತ್ತೆಂಟು ಆಡುವವರ ಬೆನ್ನ ಹಿಂದೆ ಕೂತು ಕಲಿತವನು ನಾನು. ನಿಮ್ಮ ಘಟ್ಟದ ಮೇಲೆ ಅದು ಇನ್ನೂ ಜಾಸ್ತಿ. ಪೋಕರ್ ಆಮೇಲೆ ಮೊಬೈಲಿನಿಂದ ಬಂತು. ಆ ಮಹಡಿಯಲ್ಲಿ ನನಗೆ ಒಂದು ಹೆಸರಿತ್ತು: ಇವನ ಹತ್ತಿರ ಬ್ಲಫ್ ನಡೆಯುವುದಿಲ್ಲ. ಯಾರಾದರೂ ಸುಳ್ಳು ಬೆಟ್ ಹಾಕಿದರೆ ಬಿಡುತ್ತಲೇ ಇರಲಿಲ್ಲ, ಕಾಲ್ ಮಾಡಿ, ಅಂದರೆ ಅವನಷ್ಟೇ ದುಡ್ಡು ಹಾಕಿ, ಎಲೆ ತೋರಿಸು ಅನ್ನುತ್ತಿದ್ದೆ. ಅದರಲ್ಲೇ ದುಡ್ಡು ಮಾಡಿದ್ದೆ. ಆ ಧೈರ್ಯದ ಮೇಲೆ ಗೋವಾಕ್ಕೆ ಹೋದೆ.

ಕಾರವಾರದವರಿಗೆ ಗೋವಾ ಅಂದರೆ ಕಾಳಿ ಸೇತುವೆ ದಾಟಿ, ಮಾಜಾಳಿ ಕಳೆದು, ಕಾಣಕೋಣ, ಮಡಗಾಂವ್ ಆದರೆ ಪಣಜಿ. ಮಾಂಡವಿಯಲ್ಲಿ ಲಂಗರು ಹಾಕಿದ ಹಡಗಿಗೆ ದಡದಿಂದ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. 21 ತುಂಬಿರಬೇಕು, ಗುರುತಿನ ಚೀಟಿ ಬೇಕು. ಬೆಳಿಗ್ಗೆ ಊರಿಂದ ಹೊರಟು ಅದೇ ದಿನ ಆಡಲು ಕೂರಬೇಡಿ. ನೀವಂತೂ ದೇವಿಮನೆ ಘಟ್ಟ ಇಳಿದು ಬರಬೇಕು. ಆಟ ನಡುರಾತ್ರಿ ದಾಟುತ್ತದೆ, ಆ ಹೊತ್ತಿಗೆ ತಲೆ ಓಡುವುದಿಲ್ಲ.

ದೊಡ್ಡ ಆಟಗಾರರ ಭಯ ಅಂತ ಬರೆದಿದ್ದೀರಿ. ಅದು ಮೊದಲ ಅರ್ಧ ಗಂಟೆಯದು. ನನ್ನ ಟೇಬಲ್‌ನಲ್ಲಿ ಹೆಚ್ಚಿನವರು ನಮ್ಮ ಹಾಗೇ ಅಂಗಡಿ, ನೌಕರಿ ಬಿಟ್ಟು ಬಂದವರು. ಹೊಸಬ ಅಂತ ಗೊತ್ತಾಗುವುದು ಕೈ ನಡುಗುವುದರಿಂದ ಅಲ್ಲ, ನಿಯಮ ಗೊತ್ತಿಲ್ಲದೆ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಬೆಟ್) 100–200 ಇದ್ದಾಗ ನಾನು ರೇಯ್ಸ್ ಮಾಡೋಣ, ಅಂದರೆ ಬೆಟ್ ಏರಿಸೋಣ ಅಂತ, ಬಾಯಿ ಬಿಡದೆ ಒಂದು ಸಾವಿರದ ಚಿಪ್ ಇಟ್ಟೆ. ಡೀಲರ್ 'ಕಾಲ್' ಅಂದ. ಮಾತಿಲ್ಲದೆ ಒಂದೇ ದೊಡ್ಡ ಚಿಪ್ ಇಟ್ಟರೆ ಅದು ಬರೀ ಕಾಲ್. ರೇಯ್ಸ್ ಆದರೆ ಬಾಯಲ್ಲಿ ಹೇಳಿ, ಆಮೇಲೆ ಚಿಪ್ ಮುಟ್ಟಿ. ಎಲೆಗಳ ಮೇಲೆ ಒಂದು ಚಿಪ್ಪನ್ನೋ ನಾಣ್ಯವನ್ನೋ ಇಟ್ಟುಕೊಳ್ಳಿ, ಇಲ್ಲದಿದ್ದರೆ ಡೀಲರ್ ತಪ್ಪಿ ಎಳೆದುಕೊಂಡಾನು. ಉಳಿದದ್ದೆಲ್ಲ ಕೂತ ಮೇಲೆ ಬರುತ್ತದೆ.

ಈಗ ನನ್ನನ್ನು ಹೊರಗೆ ಹಾಕಿದ ಹ್ಯಾಂಡ್, ಅಂದರೆ ಆ ಒಂದು ಸುತ್ತಿನ ಆಟ. ಇದನ್ನು ಪೂರ್ತಿ ಹೇಳದೆ ಬಿಡುವವನಲ್ಲ ನಾನು, ನಿಮ್ಮ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ಬಬಲ್ ಬಂದಿತ್ತು. ಇನ್ನೊಬ್ಬ ಹೊರಗೆ ಬಿದ್ದರೆ ಉಳಿದ ಎಲ್ಲರಿಗೂ ದುಡ್ಡು ಗ್ಯಾರಂಟಿ. ಆಗ ಎಲ್ಲ ಟೇಬಲ್‌ಗಳಿಗೂ ಒಟ್ಟಿಗೆ ಒಂದೊಂದೇ ಹ್ಯಾಂಡ್ ಹಂಚುತ್ತಾರೆ. ಒಂದು ಟೇಬಲ್ ಮುಗಿದರೆ ಉಳಿದವು ಮುಗಿಯುವವರೆಗೆ ಕಾಯಬೇಕು. ಯಾರೂ ಬೇಕಂತಲೇ ನಿಧಾನ ಮಾಡಿ ಬಚಾವಾಗಬಾರದು ಅಂತ ಈ ಕ್ರಮ.

ಬ್ಲೈಂಡ್ 3,000–6,000. ಬಿಗ್ ಬ್ಲೈಂಡ್ ಕಟ್ಟುವವನೇ ಇಡೀ ಟೇಬಲ್‌ನ ಆಂಟಿ (ಎಲ್ಲರ ಪರವಾಗಿ ನಡುವೆ ಹಾಕುವ ಚಿಪ್) 6,000 ಕೂಡ ಕಟ್ಟಬೇಕು. ಆ ಸಲ ಬಿಗ್ ಬ್ಲೈಂಡ್ ನಾನು. ಎರಡನ್ನೂ ಕಟ್ಟಿದ ಮೇಲೆ ನನ್ನ ಮುಂದೆ 1,38,000 ಉಳಿಯಿತು. ಎಲ್ಲರೂ ಎಲೆ ಎಸೆದರು. ಉಳಿದವನು ನನ್ನ ಬಲಗಡೆಯ ಸ್ಮಾಲ್ ಬ್ಲೈಂಡ್. ಟೇಬಲ್‌ನಲ್ಲಿ ಅತಿ ಹೆಚ್ಚು ಚಿಪ್ ಇದ್ದವನು. ಸುಮಾರು ಹೊತ್ತಿನಿಂದ ಎಲ್ಲರನ್ನೂ ಹೆದರಿಸಿ ಬ್ಲೈಂಡ್ ಬಾಚುತ್ತಿದ್ದ. ಎಲೆ ನೋಡಿದನೋ ಇಲ್ಲವೋ, 'ಆಲ್-ಇನ್' ಅಂದ, ಅಂದರೆ ಇದ್ದದ್ದೆಲ್ಲ ಒಳಗೆ.

ನನ್ನ ಕೈಯಲ್ಲಿ ಎಕ್ಕ, ರಾಣಿ.

ಅವನ ಮುಖ ನೋಡಿದೆ. ಸುಳ್ಳು ಅಂತ ಖಚಿತವಾಯಿತು. ಲೆಕ್ಕವನ್ನೂ ಹಾಕಿದೆ, ಹಾಕಲಿಲ್ಲ ಅಂತಲ್ಲ. 1,38,000 ಹಾಕಿದರೆ ನಡುವಿನ 1,56,000 (ನನ್ನ ಚಿಪ್‌ಗೆ ಸರಿಗಟ್ಟುವ ಅವನ 1,44,000, ನನ್ನ ಬ್ಲೈಂಡ್, ಆಂಟಿಯ 12,000) ಸಿಗುತ್ತದೆ. ಅಂದರೆ 100ಕ್ಕೆ 47 ಸಲ ಗೆದ್ದರೂ ನಷ್ಟವಿಲ್ಲ. ಇವನ ಅಡ್ಡಾದಿಡ್ಡಿ ಎಲೆಗಳೆದುರು ಎಕ್ಕ–ರಾಣಿ ಅದಕ್ಕಿಂತ ಎಷ್ಟೋ ಜಾಸ್ತಿ ಗೆಲ್ಲುತ್ತದೆ. ಕಾಲ್ ಅಂದೆ. ಅವನು ತೋರಿಸಿದ್ದು ರಾಜ, ಒಂಬತ್ತು. ನಾನು ಹೇಳಿದ್ದು ಸರಿಯೇ ಆಗಿತ್ತು. 100ಕ್ಕೆ 60ಕ್ಕಿಂತ ಜಾಸ್ತಿ ಸಲ ನಾನೇ ಗೆಲ್ಲುವ ಸ್ಥಿತಿ. ಫ್ಲಾಪ್‌ನಲ್ಲಿ, ಅಂದರೆ ನಡುವೆ ಎಲ್ಲರಿಗೂ ಸೇರಿ ತೆರೆಯುವ ಮೊದಲ ಮೂರು ಎಲೆಗಳಲ್ಲಿ, ನನಗೆ ರಾಣಿಯೂ ಬಂತು. ಕೊನೆಯ ಎಲೆ ರಾಜ. ಅವನಿಗೆ ರಾಜನ ಜೋಡಿ, ನಾನು ಹೊರಗೆ.

ಊರಿಗೆ ಬಂದ ಮೇಲೆ ಎಲ್ಲರೂ 'ಛೇ, ನಸೀಬು' ಅಂದರು. ನನಗೆ ಆ ಮಾತು ಕೇಳಿದರೆ ಈಗಲೂ ರೇಗುತ್ತದೆ. ಕೊನೆಗೆ ರಾಜನ ಬದಲು ಎರಡರ ಎಲೆ ಬಂದು ನಾನು ಗೆದ್ದಿದ್ದರೂ ಆ ಕಾಲ್ ತಪ್ಪೇ.

ಯಾಕೆ ಅಂದರೆ ನಾನು ಬಲಕ್ಕೆ ಮಾತ್ರ ನೋಡಿದ್ದೆ. ಎಡಕ್ಕೆ ಕತ್ತು ತಿರುಗಿಸಿದ್ದರೆ ಸಾಕಿತ್ತು. ನನ್ನ ಎಡಗಡೆ ಕೂತಿದ್ದ ಹಿರಿಯರ ಮುಂದೆ ಇದ್ದದ್ದು 11 ಸಾವಿರ ಚಿಪ್. ಮುಂದಿನ ಹ್ಯಾಂಡ್‌ನಲ್ಲಿ ಬಿಗ್ ಬ್ಲೈಂಡ್ ಅವರದ್ದು. ಬ್ಲೈಂಡ್, ಆಂಟಿ ಸೇರಿ 12 ಸಾವಿರ, ಅಂದರೆ ಎಂಥ ಎಲೆ ಬಂದರೂ ಇದ್ದದ್ದೆಲ್ಲ ಒಳಗೆ. ನಾನು ಎಕ್ಕ–ರಾಣಿ ಎಸೆದಿದ್ದರೆ ಹೋಗುತ್ತಿದ್ದದ್ದು ಆಗಲೇ ಕಟ್ಟಿದ್ದ ಬ್ಲೈಂಡ್, ಆಂಟಿ ಅಷ್ಟೇ. 1,38,000 ಇಟ್ಟುಕೊಂಡು ಒಂದೇ ಒಂದು ಹ್ಯಾಂಡ್ ಸುಮ್ನೆ ಕೂತಿದ್ದರೆ, ಬಹುಶಃ ಬಹುಮಾನ ಕೈಗೆ ಬರುತ್ತಿತ್ತು.

ನಮ್ಮ ಮಹಡಿಯಲ್ಲಿ 100 ರೂಪಾಯಿಯ ಚಿಪ್ ಅಂದರೆ 100 ರೂಪಾಯಿ. ಗೆದ್ದರೂ ನೂರು, ಸೋತರೂ ನೂರು. ಹಾಗಾಗಿ 47ರ ಲೆಕ್ಕ ಅಲ್ಲಿ ಪಕ್ಕಾ. ಟೂರ್ನಮೆಂಟ್ ಚಿಪ್‌ಗೆ ಆ ಬೆಲೆ ಇಲ್ಲ. ನನ್ನ ಚಿಪ್ ಎರಡು ಪಟ್ಟಾದರೆ ನನ್ನ ಬಹುಮಾನದ ನಿರೀಕ್ಷೆ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ ಏರುತ್ತದೆ. ಪೂರ್ತಿ ಹೋದರೆ ಮಾತ್ರ ಪೂರ್ತಿ ಸೊನ್ನೆ. ಆಟಗಾರರು ಈ ಲೆಕ್ಕಕ್ಕೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅನ್ನುತ್ತಾರೆ. ಬಬಲ್‌ನಲ್ಲಿ ಈ ಅಂತರ ತುಂಬಾ ದೊಡ್ಡದು. 47 ಎಲ್ಲಿಗೂ ಸಾಲುವುದಿಲ್ಲ, 60 ಕೂಡ ಸಾಲದೆ ಹೋಗಬಹುದು. ಆ ದೊಡ್ಡ ಚಿಪ್‌ನವನಿಗೆ ಇದು ಗೊತ್ತಿತ್ತು. ಸೋತರೂ ಅವನು ಹೊರಗೆ ಬೀಳುವುದಿಲ್ಲ, ನಾನು ಬೀಳುತ್ತೇನೆ. ಆ ಭಯದ ಮೇಲೆಯೇ ಅವನು ರಾಜ–ಒಂಬತ್ತು ತಳ್ಳಿದ್ದು. ಬುದ್ಧಿ ಇದ್ದವರು ಎಸೆಯುತ್ತಾರೆ ಅಂತ ಅವನ ಲೆಕ್ಕ. ನಾನು ಅವನ ಬ್ಲಫ್ ಹಿಡಿಯಲು ಹೋದೆ.

ನಾನು ಎದ್ದ ಕೂಡಲೇ ಇಡೀ ಹಾಲ್ ಚಪ್ಪಾಳೆ ಹೊಡೆಯಿತು. ಬಬಲ್ ಒಡೆದ ಖುಷಿಗೆ ಹಾಗೆ ಹೊಡೆಯುತ್ತಾರೆ. 11 ಸಾವಿರದ ಹಿರಿಯರು ಎದ್ದು ಬಂದು ನನ್ನ ಕೈ ಕುಲುಕಿದರು. ಅವರದ್ದು ನಿಜವಾದ ಕೃತಜ್ಞತೆ.

ಹಾಗಾಗಿ ಗೆಳೆಯರ ಜೊತೆ ಗೆಲ್ಲುತ್ತೇನೆ ಅನ್ನುವ ನಿಮ್ಮ ಅರ್ಹತೆಯನ್ನೇ ನಾನು ಒಪ್ಪುವುದಿಲ್ಲ. ನೀವು ಆಡುತ್ತಿರುವುದು ಕ್ಯಾಶ್ ಗೇಮ್. ಅಲ್ಲಿ ಗೆಲ್ಲಿಸಿದ ಚಟವೇ ಇಲ್ಲಿ ಕೆಡಿಸುತ್ತದೆ.

ಮನಿಮೇಕರ್ ಕಥೆಯನ್ನೂ ಬರೆದಿದ್ದೀರಿ. ಹೌದು, ಕ್ರಿಸ್ ಮನಿಮೇಕರ್ ಅಮೆರಿಕದ ಒಬ್ಬ ಅಕೌಂಟೆಂಟ್. 86 ಡಾಲರ್‌ನ ಆನ್‌ಲೈನ್ ಸ್ಯಾಟಲೈಟ್ ಆಡಿ, 10,000 ಡಾಲರ್ ಬೈ-ಇನ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಇವೆಂಟ್‌ಗೆ ಸೀಟು ಪಡೆದ. 2003ರಲ್ಲಿ 838 ಜನರನ್ನು ದಾಟಿ 25 ಲಕ್ಷ ಡಾಲರ್ ಗೆದ್ದ. ಆದರೆ ಆ ದಾರಿ ನಮಗಿಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಗೆಲ್ಲುವ ಆಸೆಗೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕೌಶಲದ ಆಟ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಯಾರಾದರೂ ಟೆಲಿಗ್ರಾಂನಲ್ಲಿ ಲಿಂಕ್ ಕಳಿಸಿದರೆ ಮುಟ್ಟಬೇಡಿ. ಉಳಿದಿರುವುದು ಟೂರ್ನಮೆಂಟ್ ಜಾಗದಲ್ಲೇ ನಡೆಸುವ ಸ್ಯಾಟಲೈಟ್.

ಅದನ್ನೇ ಆಡಿ. ಅಗ್ಗ ಅಂತ ಅಲ್ಲ. ಐದಾರು ಸಾವಿರದಂತೆ ಮತ್ತೆ ಮತ್ತೆ ಕಟ್ಟಿದರೆ ಅದೂ ನೇರ ಬೈ-ಇನ್ ಮುಟ್ಟುತ್ತದೆ. ನಾನು ಸ್ಯಾಟಲೈಟ್ ಅನ್ನುವುದು ನಿಮ್ಮ ಕಾಲ್ ಮಾಡುವ ಚಟ ಬಿಡಿಸಲಿಕ್ಕೆ. ಐದು ಸೀಟು ಇದೆ, ಆರು ಜನ ಉಳಿದಿದ್ದಾರೆ ಅಂದುಕೊಳ್ಳಿ. ಮೊದಲನೆಯವನಿಗೂ ಐದನೆಯವನಿಗೂ ಸಿಗುವುದು ಅದೇ ಸೀಟು, ಜಾಸ್ತಿ ಚಿಪ್‌ಗೆ ಯಾವ ಇನಾಮೂ ಇಲ್ಲ. ನಿಮ್ಮ ಹತ್ತಿರ ಸಾಕಷ್ಟು ಚಿಪ್ ಇದ್ದು ಇನ್ನೊಬ್ಬ ಮುಳುಗುತ್ತಿದ್ದರೆ, ಜೋಡಿ ಎಕ್ಕ ಬಂದರೂ ಎಸೆಯುವುದು ಸರಿಯಾಗುವ ಸಂದರ್ಭ ಅಲ್ಲಿ ಬರುತ್ತದೆ. ಅದನ್ನು ಎಸೆಯಲು ನಿಮ್ಮ ಕೈ ಒಪ್ಪುತ್ತದೋ ನೋಡಿ. ಒಪ್ಪದಿದ್ದರೆ 50 ಸಾವಿರ ಉಳಿಯಿತು.

ನೀವು ಕೇಳದ ಒಂದು ವಿಷಯ ರೀ-ಎಂಟ್ರಿ. ವರ್ಲ್ಡ್ ಸೀರೀಸ್ ಮೇನ್ ಇವೆಂಟ್‌ನಲ್ಲಿ ಒಮ್ಮೆ ಹೊರಬಿದ್ದರೆ ಮುಗಿಯಿತು. ನಾನು ಆಡಿದ ಕಡೆ ಗಂಟೆಗಟ್ಟಲೆ ಬಾಗಿಲು ತೆರೆದಿತ್ತು, ಸೋತವರು ಮತ್ತೆ ಕಟ್ಟಿ ಕೂರುತ್ತಿದ್ದರು. ಇದಕ್ಕೆ ತೆರಿಗೆ ಸೇರಿಸಿ ನೋಡಿ. ಇಸ್ಪೀಟಿನ ಗೆಲುವಿಗೆ 30 ಪರ್ಸೆಂಟ್, ಮೇಲೆ ಸೆಸ್. ಆಡಲು ಮಾಡಿದ ಖರ್ಚನ್ನು ಆ ಆದಾಯದಲ್ಲಿ ಕಳೆಯಲು ಬಿಡುವುದಿಲ್ಲ. ಎರಡು ಸಲ 50 ಸಾವಿರ ಕಟ್ಟಿ, ಕೊನೆಯ ಬಹುಮಾನ 90 ಸಾವಿರ ಬಂತು ಅಂದುಕೊಳ್ಳಿ. 30 ಪರ್ಸೆಂಟ್ ಹೋದರೆ ಕೈಗೆ 63 ಸಾವಿರ. ದುಡ್ಡಿಗೆ ಬಂದೂ 37 ಸಾವಿರ ಲಾಸ್, ಪಣಜಿಯ ಲಾಡ್ಜ್ ಖರ್ಚು ಬೇರೆ. ಒಂದೇ ಎಂಟ್ರಿಯ ದುಡ್ಡು ಹಿಡಿದು ಹೋಗಿ, ಎಟಿಎಂ ಕಾರ್ಡನ್ನು ಮನೆಯಲ್ಲಿ ಬಿಡಿ.

ಯಾವ ತಿಂಗಳು ಹೊರಟಿದ್ದೀರಿ ಅಂತ ಬರೆದಿಲ್ಲ. ಅಡಿಕೆ ಕೊಯ್ಲಿನ ದುಡ್ಡು ಕೈಗೆ ಬಂದ ವಾರ ಮಾತ್ರ ಬೇಡ.