ಮೂರು ತಿಂಗಳು ನೋಡಲು ಬರಬೇಡಿ ಎನ್ನುತ್ತಾರೆ

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಹುಟ್ಟಿನಿಂದ ಬುದ್ಧಿಮಾಂದ್ಯತೆ, ಜೊತೆಗೆ ಫಿಟ್ಸ್. ಅಪ್ಪ ತೀರಿಕೊಂಡಿದ್ದಾರೆ. ಮಂಡಿನೋವಿನ ಅಮ್ಮನಿಂದ ಅವನನ್ನು ಸಂಭಾಳಿಸಲು ಆಗುತ್ತಿಲ್ಲ. ಬೆಂಗಳೂರಿನ ಹೊರವಲಯದ ಒಂದು ವಸತಿ ಕೇಂದ್ರವನ್ನು ನೋಡಿ ಬಂದೆವು. ಹೊಸ ಕಟ್ಟಡ, ಎಲ್ಲೆಡೆ ಸಿಸಿ ಕ್ಯಾಮೆರಾ. ಆದರೆ ಹೊಂದಿಕೊಳ್ಳಲೆಂದು ಮೊದಲ ಮೂರು ತಿಂಗಳು ಮನೆಯವರು ಬರಬಾರದು, ಆಮೇಲೆ ತಿಂಗಳಿಗೊಂದು ಭಾನುವಾರ ಮಾತ್ರ ಎನ್ನುತ್ತಾರೆ. ಬಿಡಬಹುದೇ ಮೇಡಂ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬಿಡಬೇಡಿ ತಂಗಿ. ಬೇರೆ ಕಡೆ ಹುಡುಕಿ. ಹೊಸ ಜಾಗಕ್ಕೆ ಹೆದರುವವನಿಂದ ಮನೆಯವರ ಮುಖವನ್ನೂ ದೂರ ಮಾಡಿದರೆ ಹೊಂದಿಕೊಳ್ಳುತ್ತಾನೆ ಎನ್ನುವುದು ಯಾವ ಸೀಮೆಯ ಲೆಕ್ಕ? ಮೈಮೇಲೆ ಬಾಸುಂಡೆ ಎದ್ದರೂ ಯಾರು ಹೊಡೆದರೆಂದು ಹೇಳಲು ಅವನಿಗೆ ಬಾರದಿರಬಹುದು. ಕ್ಯಾಮೆರಾ ಇದ್ದರೂ ಅದರಲ್ಲಿ ಕಂಡದ್ದನ್ನು ನೋಡುವವರು ಕೇಂದ್ರದವರೇ. ಅದೂ ಬಚ್ಚಲಿಗೆ ಕ್ಯಾಮೆರಾ ಹಾಕುವಂತಿಲ್ಲ. ಫಿಟ್ಸ್ ಇರುವವರಿಗೆ ಗಂಡಾಂತರ ಕಾದಿರುವುದು ಅಲ್ಲಿಯೇ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಕಾನರ್ ಸ್ಪ್ಯಾರೋಹಾಕ್ ಎಂಬ 18 ವರ್ಷದ ಹುಡುಗ 2013ರ ಜುಲೈನಲ್ಲಿ ಇಂಥವರಿಗೆಂದೇ ಇದ್ದ ಸರ್ಕಾರಿ ಆರೋಗ್ಯ ಸೇವೆಯ ಘಟಕದಲ್ಲಿ ಸ್ನಾನದ ತೊಟ್ಟಿಯಲ್ಲಿ ಮುಳುಗಿ ತೀರಿಕೊಂಡ. ಅವನಿಗೂ ಫಿಟ್ಸ್ ಇತ್ತು. ನಾಲಗೆ ಕಚ್ಚಿಕೊಂಡಿದ್ದಾನೆ, ಫಿಟ್ಸ್ ಬಂದಿರಬೇಕು ಎಂದು ತಾಯಿ ವಾರಗಳ ಮೊದಲೇ ಸಿಬ್ಬಂದಿಗೆ ತಿಳಿಸಿದ್ದರು. ಆದರೂ ಅವನನ್ನು ಸ್ನಾನಕ್ಕೆ ಒಬ್ಬನನ್ನೇ ಬಿಟ್ಟಿದ್ದರು. ನಿರ್ಲಕ್ಷ್ಯವೂ ಸಾವಿಗೆ ಕಾರಣವೆಂದು 2015ರಲ್ಲಿ ಜ್ಯೂರಿ ಹೇಳಿತು. ಹಣಕ್ಕೆ, ಕಾನೂನಿಗೆ ಕೊರತೆಯಿಲ್ಲದ ದೇಶದ ಕಥೆ ಇದು.

ನಮ್ಮಲ್ಲಿ ತೊಟ್ಟಿ ಕಡಿಮೆ, ಬಕೆಟ್ಟು ಚೊಂಬೇ ಹೆಚ್ಚು. ಅಪಾಯ ಮಾತ್ರ ಕಡಿಮೆಯಿಲ್ಲ: ಒದ್ದೆ ನೆಲಕ್ಕೆ ತಲೆ ಬಡಿಯುತ್ತದೆ, ಇಲ್ಲವೇ ಗೀಸರಿನ ಕುದಿನೀರು ಮೈಮೇಲೆ ಬೀಳುತ್ತದೆ. ಆದ್ದರಿಂದ ಯಾವ ಕೇಂದ್ರಕ್ಕೆ ಹೋದರೂ ಆಫೀಸಿನ ಸೋಫಾದಿಂದ ಎದ್ದು ನೇರ ಬಚ್ಚಲಿಗೆ ಹೋಗಿ. ಚಿಲಕವನ್ನು ಹೊರಗಿನಿಂದ ತೆಗೆಯಲು ಬರುತ್ತದೆಯೇ? ಕುಳಿತು ಸ್ನಾನ ಮಾಡಲು ಪ್ಲಾಸ್ಟಿಕ್ ಸ್ಟೂಲ್ ಇದೆಯೇ? ಸ್ನಾನ ಮುಗಿಯುವವರೆಗೆ ಬಾಗಿಲ ಬಳಿ ನಿಲ್ಲುವವರು ಯಾರು? ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ತಿಳಿಯಿರಿ.

ಬಳಿಕ ಮಾತ್ರೆಯ ಪುಸ್ತಕ ಕೇಳಿ. ಫಿಟ್ಸ್ ಮಾತ್ರೆ ಒಂದು ಹೊತ್ತು ತಪ್ಪಿದರೂ ಫಿಟ್ಸ್ ಬರಬಹುದು. ವಿಶೇಷ ಶಿಕ್ಷಕಿಯಾಗಿದ್ದಾಗ ಒಂದು ಕೇಂದ್ರಕ್ಕೆ ಬೆಳಗ್ಗೆ ಹನ್ನೊಂದಕ್ಕೆ ಹೋಗಿದ್ದೆ. ಪುಸ್ತಕದಲ್ಲಿ ಅಂದಿನ ರಾತ್ರಿ ಎಂಟರ ಮಾತ್ರೆಗೂ ಸಹಿ ಬಿದ್ದಿತ್ತು! ಕೇಳಿದರೆ ‘ಸಂಜೆ ಕೆಲಸ ಜಾಸ್ತಿ ಮೇಡಂ’ ಎಂದರು. ಅಲ್ಲಿ ಹಾಡುಹಗಲೇ ಇಪ್ಪತ್ತು ಜನ ಗೋಡೆಗೆ ಒರಗಿ ತೂಕಡಿಸುತ್ತಿದ್ದರು, ಒಬ್ಬನೂ ತಲೆಯೆತ್ತಲಿಲ್ಲ. ‘ನಮ್ಮ ಮಕ್ಕಳು ಬಹಳ ಶಾಂತ’ ಎಂದು ಮೇಲ್ವಿಚಾರಕರು ಹೆಮ್ಮೆಪಟ್ಟರು. ಅಂಥ ಶಾಂತಿ ಕಂಡರೆ ಯಾರಿಗೆ ಯಾವ ಮಾತ್ರೆ, ಯಾವ ವೈದ್ಯರು ಬರೆದದ್ದು ಎಂದು ಕೇಳಿ. ಎರಡನೆಯ ಸಲ ಹೇಳದೆ ಕೇಳದೆ ಕತ್ತಲಾದ ಮೇಲೆ ಹೋಗಿ. ರಾತ್ರಿ ಎಚ್ಚರವಿರುವವರು ಎಷ್ಟು ಜನ ಎನ್ನುವುದು ಕಟ್ಟಡದ ಹೊಸತನಕ್ಕಿಂತ ನನಗೆ ಮುಖ್ಯ.

ಕಾನೂನು ಚುಟುಕಾಗಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಇಂಥ ಕೇಂದ್ರಕ್ಕೆ ನೋಂದಣಿ ಕಡ್ಡಾಯ, ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಹಿಂಸೆಯ ಅನುಮಾನವಿದ್ದರೆ ತಹಶೀಲ್ದಾರರಿಗೆ ಯಾರು ಬೇಕಾದರೂ ತಿಳಿಸಬಹುದು. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಅವನಿಗೆ 18 ತುಂಬಿದ ಮೇಲೆ ಹೆತ್ತ ತಾಯಿಯೂ ತಾನಾಗಿ ಕಾನೂನುಬದ್ಧ ಪೋಷಕಿಯಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಅಮ್ಮ ಗಟ್ಟಿಯಿರುವಾಗಲೇ ಇದನ್ನು ಮಾಡಿಸಿಕೊಳ್ಳಿ.

ಒಳ್ಳೆಯ ಕೇಂದ್ರ ಸಿಕ್ಕಿದರೆ ಮೊದಲು ಕೆಲವು ದಿನ ಹಗಲು ಮಾತ್ರ ಬಿಟ್ಟು ನೋಡಿ. ಫಿಟ್ಸ್ ಬರುವ ಮುಂಚೆ ಅವನು ಏನು ಮಾಡುತ್ತಾನೆ, ಅನ್ನ ಎಷ್ಟು ಮೆತ್ತಗಿದ್ದರೆ ನುಂಗುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ, ಎಲ್ಲವನ್ನೂ ಅಮ್ಮನ ಬಾಯಿಂದ ಕೇಳಿ ಬರೆಯಿರಿ. ಕೇಂದ್ರಕ್ಕೆ ಒಂದು ಪ್ರತಿ ಕೊಡಿ. ಇನ್ನೊಂದರ ಮೇಲೆ ‘ಓದಿದ್ದೇವೆ’ ಎಂದು ಸಹಿ ಹಾಕಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ.